ಗಾಜಿನ ಕಪಾಟಿನಿಂದ ಇಳಿದ ಬ್ಯಾಟು

ನನ್ನನ್ನು ಬಗ್ಗಿಸಿದವರನ್ನು ನಾನು ಎಂದೋ ಕ್ಷಮಿಸಿದ್ದೇನೆ. ನನಗೆ ಹಾರ ಹಾಕಿದವಳನ್ನು ಮಾತ್ರ ಕ್ಷಮಿಸಿಲ್ಲ.

ನಾನು ಒಂದು ಬಾಲ್ ಬ್ಯಾಡ್ಮಿಂಟನ್ ಬ್ಯಾಟು. ಅಂಗಡಿಯ ಚೀಟಿಯಲ್ಲಿ ರಾಕೆಟ್ ಎಂದು ಬರೆಯುತ್ತಾರೆ, ಆಡುವವರ ಬಾಯಲ್ಲಿ ನಾನು ಬ್ಯಾಟೇ. ಉತ್ತರದ ಯಾವುದೋ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆ. ಮೊದಲು ನೆಟ್ಟಗಿದ್ದ ಮರದ ಪಟ್ಟಿ ನಾನು. ಇಡ್ಲಿ ಬೇಯಿಸುವ ಹಾಗೆ ನನ್ನನ್ನು ಹಬೆಯಲ್ಲಿ ಬೇಯಿಸಿದರು. ಮೆತ್ತಗಾದ ಮೇಲೆ ಇಬ್ಬರು ಎರಡು ತುದಿ ಹಿಡಿದು ಕಬ್ಬಿಣದ ಅಚ್ಚಿಗೆ ಬಗ್ಗಿಸಿ ಕಟ್ಟಿದರು. ನಾರು ನಾರೂ ಕಿರುಚಿತು. ಆಮೇಲೆ ಅಂಟು ಹಚ್ಚಿದರು, ತೂತು ಕೊರೆದರು, ಗಟ್ ಎನ್ನುವ ಬಿಗಿ ದಾರ ಎಳೆದು ಹೆಣೆದರು. ಕೊನೆಗೆ ಯಾರೋ ಒಬ್ಬರು ಬೆರಳಿನಿಂದ ಮೀಟಿದಾಗ ನನ್ನೊಳಗಿಂದ ಟಣ್ ಎಂದು ಒಂದು ಸದ್ದು ಬಂತು. ಬಗ್ಗಿಸಿದ್ದು ಯಾಕೆಂದು ಆಗ ಗೊತ್ತಾಯಿತು. ಕಾರಣವಿದ್ದ ನೋವನ್ನು ಮರ ಇಟ್ಟುಕೊಳ್ಳುವುದಿಲ್ಲ.

ಮೈಸೂರಿನ ಒಂದು ಆಟದ ಸಾಮಾನಿನ ಅಂಗಡಿಯಲ್ಲಿ ಮೊಳೆಗೆ ನೇತಾಡುತ್ತಿದ್ದಾಗ ಇಬ್ಬರು ಹೆಂಗಸರು ಬಂದರು. ನಂಜನಗೂಡಿನ ಕಡೆಯ ನೂಲಿನ ಗಿರಣಿಯಲ್ಲಿ ಕೆಲಸ ಮಾಡುವವರು, ಒಂದೇ ವಯಸ್ಸಿನವರು. ಒಬ್ಬಳ ಎಡ ಸೊಂಟದ ಮೇಲೆ ಹೆಣ್ಣು ಕೂಸು. ಅವಳೇ ಜಯಮಣಿ. ಕೂಸನ್ನು ಇಳಿಸದೆಯೇ ಬಲಗೈಯಲ್ಲಿ ನನ್ನನ್ನೆತ್ತಿ ಗಾಳಿಗೆ ಬೀಸಿದಳು.

"ತೂಕ ಜಾಸ್ತಿ ಆಯ್ತು ಕಣೇ ಜಯಾ," ಎಂದಳು ಇನ್ನೊಬ್ಬಳು, ಕೋಮಲಾ.

"ನನ್ ಕೂಸಿಗಿಂತ ಹಗುರ ಅದೆ, ಬುಡು," ಎಂದಳು ಜಯಮಣಿ.

ಅಂದಿನಿಂದ ನಾನು ಅವಳ ಬಲಗೈ. ಎಡ ಸೊಂಟ ಮಕ್ಕಳದ್ದು. ಆ ಕೂಸು ಇಳಿಯುವ ಹೊತ್ತಿಗೆ ಇನ್ನೊಂದು ಹತ್ತಿತು. ಅದೂ ಇಳಿದ ಮೇಲೆ ನೀರಿನ ಕೊಡ ಹತ್ತಿತು. ಸೊಂಟಕ್ಕೆ ಬಿಡುವೇ ಇರಲಿಲ್ಲ. ಅದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ತೆಗೆದುಕೊಳ್ಳಲಿಲ್ಲ.

ನಮ್ಮ ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಳದಿ ಉಣ್ಣೆಯ ಪುಟ್ಟ ಚೆಂಡು, ಆಳೆತ್ತರದ ಬಲೆ, ಮಣ್ಣಿನ ಅಂಕಣ. ಚೆಂಡು ನಿಮ್ಮ ಕಡೆ ನೆಲ ಮುಟ್ಟಿತೋ, ನೀವು ಸೋತಿರಿ. ಅಷ್ಟೇ. ಗಿರಣಿ ಕಾಲೊನಿಯ ಬೇವಿನ ಮರದ ಪಕ್ಕ ಅಂಕಣವಿತ್ತು. ಬೆಳಗಿನ ಪಾಳಿ ಮುಗಿಸಿ, ತಲೆಯಲ್ಲಿ ಹತ್ತಿಯ ಧೂಳು ಮೆತ್ತಿಕೊಂಡೇ ಹೆಂಗಸರು ಬರುತ್ತಿದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಜಯಮಣಿ ಎಡ ಮೂಲೆಯಲ್ಲಿ ನಿಂತರೆ ಆ ಮೂಲೆಗೆ ಬಂದ ಚೆಂಡು ನೆಲ ಕಂಡದ್ದು ಕಡಿಮೆ. ಬಾಗಿ, ನೆಲದಿಂದ ಒಂದು ಗೇಣು ಮೇಲಿದ್ದಾಗ ಎತ್ತಿಬಿಡುತ್ತಿದ್ದಳು. ಕೋಮಲಾ ಮುಂದೆ ನಿಂತು ಹೊಡೆದು ಮುಗಿಸುತ್ತಿದ್ದಳು. ಕಪ್ಪುಗಳು ಬಂದವು. ಫೋಟೋಗಳಲ್ಲಿ ಕೋಮಲಾ ನಡುವೆ ನಿಲ್ಲುತ್ತಿದ್ದಳು, ಜಯಮಣಿ ಅಂಚಿನಲ್ಲಿ. ಮನೆಗೆ ಓಡಿ ಅನ್ನಕ್ಕಿಡುವ ಅವಸರ ಅವಳಿಗೆ.

ಹೀಗೆ ಮೂವತ್ತು ವರ್ಷ. ಆರು ಸಲ ಗಟ್ ಬದಲಾಯಿತು. ಹಿಡಿಗೆ ಸುತ್ತಿದ ನೂಲಿನ ಪಟ್ಟಿಯನ್ನಂತೂ ಅವಳು ಸೀರೆಗೆ ಫಾಲ್ ಹೊಲಿಯುವಷ್ಟೇ ಶ್ರದ್ಧೆಯಿಂದ ತಾನೇ ಬದಲಿಸುತ್ತಿದ್ದಳು. ಗಿರಣಿ ಮುಚ್ಚಿತು, ಅಂಕಣ ಉಳಿಯಿತು. ಹಳೆಯ ಹಾಜರಿ ಕೊಠಡಿ ಮಹಿಳಾ ಕ್ಲಬ್ಬಾಯಿತು. ಕೋಮಲಾ ಅದರ ಕಾರ್ಯದರ್ಶಿಯಾದಳು.

ಐವತ್ತೈದು ದಾಟಿದ ಮೇಲೆ ಜಯಮಣಿ ಎಡಗಡೆಯ ಚೆಂಡಿಗೆ ತಡವಾಗಿ ಹೋಗತೊಡಗಿದಳು. ಮೊದಲು ಗೊತ್ತಾದದ್ದು ನನಗೆ. ಬೀಸುವಾಗ ಅವಳ ಮೈಯಿಂದ ಬರುತ್ತಿದ್ದ ಬಲ ನಡುವಿನಲ್ಲೇ ಎಲ್ಲೋ ಮುರಿದು ಬರುತ್ತಿತ್ತು. ಎರಡನೆಯದಾಗಿ ಗೊತ್ತಾದದ್ದು ಕೋಮಲಾಗೆ. ಅಭ್ಯಾಸದ ಆಟಗಳಲ್ಲಿ ಅವಳು ಬೇಕೆಂದೇ ಎಡಕ್ಕೆ ಹಾಕುತ್ತಿದ್ದಳು. ಜಯಮಣಿ ಕುಂಟುತ್ತಾ ಹೋಗಿ ಚೆಂಡು ಬಿಟ್ಟರೆ, "ಅಯ್ಯೋ ಪಾಪ" ಎನ್ನುತ್ತಿದ್ದಳು. ಆ 'ಪಾಪ' ಎನ್ನುವ ಮಾತು ನನ್ನ ಗಟ್‌ನಲ್ಲಿ ಇಂದಿಗೂ ಸಿಕ್ಕಿಕೊಂಡಿದೆ.

ಎಡ ಸೊಂಟದ ಕೀಲು ಸವೆದು ಹೋಗಿದೆ, ತೆಗೆದು ಹೊಸದು ಕೂರಿಸಬೇಕು ಎಂದರು ಮೈಸೂರಿನ ಡಾಕ್ಟರು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅದಕ್ಕೆ ಒಂದು ವಾರ ಮೊದಲು ಕೋಮಲಾ ಜಯಮಣಿಗೆ ಸನ್ಮಾನ ಇಟ್ಟುಕೊಂಡಳು.

ಒಬ್ಬರ ಆಟವನ್ನು ಮುಗಿಸಲು ಇದಕ್ಕಿಂತ ಸಿಹಿಯಾದ ದಾರಿ ನಮ್ಮ ಕಡೆ ಇಲ್ಲ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮೈಸೂರು ಪೇಟ ತೊಡಿಸಿದರು. ಮೂವತ್ತು ವರ್ಷ "ಏ ಜಯಾ" ಎಂದವಳು ಮೈಕಿನ ಮುಂದೆ ನಿಂತು, "ನಮ್ಮ ಜಯಕ್ಕ ಸಾಕಷ್ಟು ಆಡಿದ್ದಾರೆ. ಇನ್ನು ಅವರು ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಎಲ್ಲರ ಪರವಾಗಿ ಹಾರೈಸುತ್ತೇನೆ" ಎಂದಳು. ಅಕ್ಕನಂತೆ, ಅಕ್ಕ! ಇಬ್ಬರ ನಡುವೆ ಎರಡು ತಿಂಗಳ ಅಂತರವೂ ಇರಲಿಲ್ಲ. ಆಮೇಲೆ ಕೈಚಾಚಿದಳು. "ಅವರ ಬ್ಯಾಟನ್ನು ಮುಂದಿನ ಪೀಳಿಗೆಯ ಸ್ಫೂರ್ತಿಗಾಗಿ ಕ್ಲಬ್ಬಿನಲ್ಲೇ ಇಡೋಣ."

ಹೆಗಲ ಮೇಲೆ ಶಾಲಿರುವಾಗ, ಎದುರಿಗೆ ಐವತ್ತು ಜನ ಚಪ್ಪಾಳೆ ತಟ್ಟುತ್ತಿರುವಾಗ, ಇಲ್ಲ ಎನ್ನಲು ಯಾವ ಹೆಣ್ಣುಮಗಳಿಗೆ ಬಾಯಿ ಬರುತ್ತದೆ? ಜಯಮಣಿ ನಗುತ್ತಾ ನನ್ನನ್ನು ತನ್ನ ಕೈಯಾರೆ ಕೊಟ್ಟಳು. ಅವಳ ಮೇಲೂ ನನಗೆ ಕೋಪವಿತ್ತು, ಸುಳ್ಳು ಯಾಕೆ ಹೇಳಲಿ?

ನನ್ನನ್ನು ಗಾಜಿನ ಕಪಾಟಿನಲ್ಲಿ ನಿಲ್ಲಿಸಿ ಶ್ರೀಗಂಧದ ಹೊಟ್ಟಿನ ಹಾರ ಹಾಕಿದರು. ಅಂಥ ಹಾರವನ್ನು ಯಾರ ಫೋಟೋಗೆ ಹಾಕುತ್ತಾರೆಂದು ನಿಮಗೆ ಗೊತ್ತು. ಬೀಗದ ಕೈ ಕೋಮಲಾಳ ಕೈಚೀಲ ಸೇರಿತು.

ಹನ್ನೊಂದು ತಿಂಗಳು ನಾನು ಅಲ್ಲಿ ಸತ್ತವನಂತೆ ನಿಂತೆ. ಮಧ್ಯಾಹ್ನದ ಬಿಸಿಲು ಗಾಜಿನ ಮೂಲಕ ಬಿದ್ದು ಚೌಕಟ್ಟು ಒಣಗಿತು, ಗಟ್ ಸಡಿಲಾಯಿತು. ಕೊಠಡಿಯಲ್ಲಿ ಕಾಫಿ ಕುಡಿಯುವವರ ಮಾತೇ ನನಗೆ ಸುದ್ದಿ. ಆಪರೇಷನ್ ಆಯ್ತಂತೆ. ವಾಕರ್ ಹಿಡಿದು ಬಚ್ಚಲಿಗೆ ಹೋಗ್ತಾಳಂತೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕೋ ಹಾಗಿಲ್ವಂತೆ. "ಇನ್ನೇನು, ಮೊಮ್ಮಕ್ಕಳ ಆಡಿಸ್ಕೊಂಡಿರ್ಲಿ," ಎಂದಳು ಕೋಮಲಾ, ರಸ್ಕನ್ನು ಕಾಫಿಗೆ ಅದ್ದುತ್ತಾ. ನಾನು ಗಾಜಿನೊಳಗೆ ಹಲ್ಲು ಕಡಿದೆ. ನನಗೆ ಹಲ್ಲಿಲ್ಲ, ಆದರೂ ಕಡಿದೆ. ಒಂದಲ್ಲ ಒಂದು ದಿನ ಇದರಿಂದ ಇಳಿಯುತ್ತೇನೆ, ಇಳಿದ ದಿನ ನಿನ್ನನ್ನು ಬಿಡುವುದಿಲ್ಲ ಕೋಮಲಾ, ಎಂದು ಪ್ರತಿ ಬೆಳಿಗ್ಗೆ ಹೇಳಿಕೊಳ್ಳುತ್ತಿದ್ದೆ.

ಎದುರಿನ ಕಿಟಕಿಯಲ್ಲಿ ರಸ್ತೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಆ ರಸ್ತೆಯಲ್ಲಿ ವಾಕರ್ ಹಿಡಿದ ಜಯಮಣಿ ಕಂಡಳು. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದ ಗಂಡ ಶಿವನಂಜಪ್ಪ. ವಿದ್ಯುತ್ ಕಂಬದವರೆಗೆ ಬಂದು ಹಿಂದಿರುಗಿದರು. ಕೆಲವು ವಾರಗಳ ಮೇಲೆ ವಾಕರ್ ಹೋಗಿ ಕೋಲು ಬಂತು, ಬೇವಿನ ಮರದವರೆಗೆ ನಡೆದಳು. ಮತ್ತೆ ಕೆಲವು ತಿಂಗಳಿಗೆ ಕೋಲೂ ಇಲ್ಲ. ಮರವನ್ನು ಮುಟ್ಟಿ, ಅಂಕಣವನ್ನು ಒಮ್ಮೆ ನೋಡಿ ಹೋಗುತ್ತಿದ್ದಳು. ಕಿಟಕಿಯತ್ತ ತಿರುಗುತ್ತಿರಲಿಲ್ಲ. ಅವಳು ನನ್ನನ್ನು ಮರೆತಳು ಎಂದುಕೊಂಡೆ.

ಮರೆತಿರಲಿಲ್ಲ. ಒಂದು ಭಾನುವಾರ ಕೊಠಡಿಯೊಳಗೆ ಬಂದು ನೇರ ಕಪಾಟಿನ ಮುಂದೆ ನಿಂತಳು.

"ಕೋಮಲಾ, ಬೀಗ ತಗಿ. ನನ್ ಬ್ಯಾಟು ಬೇಕು."

"ಯಾಕೇ? ಸೊಳ್ಳೆ ಹೊಡಿಯಾಕಾ?" ಎಂದು ಕೋಮಲಾ ನಕ್ಕಳು. ಇನ್ನಿಬ್ಬರು ನಗಲೋ ಬೇಡವೋ ಎಂದು ನೋಡಿದರು.

"ಆಡಾಕೆ. ಡಾಕ್ಟ್ರು ಒಪ್ಪವ್ರೆ. ಜೊತೇಲಿ ಯಾರಾದ್ರೂ ಇದ್ರೆ ಆಡ್ಬೋದಂತೆ. ತಾಲ್ಲೂಕು ಕೂಟಕ್ಕೆ ನನ್ ಹೆಸರೂ ಬರ್ಕೊ."

ಕೋಮಲಾಳ ನಗು ನಿಂತಿತು. "ಬಿದ್ದು ಮುರ್ಕೊಂಡ್ರೆ ಯಾರ್ ಹೊಣೆ? ನಿನ್ ಗಂಡ ಬಂದು ನನ್ನೇ ಕೇಳೋದು. ಸನ್ಮಾನ ಮಾಡಿಸ್ಕೊಂಡ್ ಮೇಲೆ ಯಾರಾದ್ರೂ ಆಡ್ತಾರೇನೇ? ಶಾಲಿಗೂ ಒಂದ್ ಮರ್ಯಾದೆ ಬ್ಯಾಡ್ವಾ?"

"ಶಾಲು ವಾಪಸ್ ಕೊಡ್ತೀನಿ. ಅದು ಬೀರೂನಲ್ಲಿ ಮಡಚಿದ ಹಂಗೇ ಅದೆ."

ಕೋಮಲಾ ಕೈಚೀಲದಿಂದ ಬೀಗದ ಕೈ ತೆಗೆದು ಬೆರಳಿನಲ್ಲಿ ತಿರುಗಿಸಿದಳು. "ಸರಿ ಕಣೇ. ಮುಂದಿನ ತಿಂಗಳ ಮೊದಲ ಭಾನುವಾರ ನನ್ ಎದುರು ಒಂದ್ ಡಬಲ್ಸ್ ಆಟ. ಹದಿನೈದು ಅಂಕ. ಗೆದ್ರೆ ಬ್ಯಾಟೂ ನಿಂದು, ತಂಡದಲ್ಲಿ ಜಾಗಾನೂ ನಿಂದು. ಸೋತ್ರೆ ನಿನ್ ಕೈಯಾರೆ ತಂದು ಇಲ್ಲೇ ಇಡ್ಬೇಕು, ಹಾರನೂ ನೀನೇ ಹಾಕ್ಬೇಕು."

"ಆಯ್ತು," ಎಂದಳು ಜಯಮಣಿ.

ಕೋಮಲಾ ಬೀಗ ತೆಗೆದಳು. ಹಾರ ಕಳಚಿ ಬಿದ್ದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ? ಆ ಕ್ಷಣವೇ ಕೋಮಲಾಳ ಹಣೆಗೆ ಒಂದು ಬಾರಿಸಲು ಕೈ ತುರಿಸಿತು. ನಮ್ಮಂಥವರಿಗೆ ಕೈ ಎಂದರೆ ಹಿಡಿದವರದ್ದು. ಜಯಮಣಿ ನನ್ನನ್ನು ಸೆರಗಿನಿಂದ ಒರೆಸಿ, ಮಗುವನ್ನು ಎತ್ತಿಕೊಳ್ಳುವಂತೆ ಎದೆಗೆ ಒರಗಿಸಿಕೊಂಡು ಹೊರಟಳು. ಅವಳ ಮೇಲಿನ ಕೋಪ ದಾರಿಯಲ್ಲೇ ಇಳಿಯಿತು. ಕೋಮಲಾಳ ಮೇಲಿನದು ದುಪ್ಪಟ್ಟಾಯಿತು.

ಹೊಸ ಗಟ್ ಹಾಕಿದವನು ನನ್ನ ಚೌಕಟ್ಟನ್ನು ತಟ್ಟಿ ನೋಡಿ, "ಬಿಸಿಲಲ್ಲಿ ಒಣಗಿಹೋಗಿದೆ ಅಮ್ಮ, ಜೋರು ಏಟು ತಡೆಯಲ್ಲ" ಎಂದ. ಅವಳು ತಲೆಯಾಡಿಸಿದಳು. ಒಣಗಿಸಿದ್ದು ಯಾರೆಂದು ನನಗೆ ಗೊತ್ತಿತ್ತು. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆ.

ಮನೆಗೆ ನಜ್ಮಾ ಎಂಬ ಫಿಜಿಯೋ ಹುಡುಗಿ ವಾರಕ್ಕೊಮ್ಮೆ ಬರುತ್ತಿದ್ದಳು. ಬೆಟ್ ಕಟ್ಟಿದ ಸುದ್ದಿ ಕೇಳಿ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಆಂಟಿ, ಓಡೋ ಹಾಗಿಲ್ಲ. ಹಾರೋ ಹಾಗಿಲ್ಲ. ಕೆಳಗೆ ಬಾಗೋ ಹಾಗಿಲ್ಲ, ಬಾಗಿ ತಿರುಗೋ ಹಾಗಂತೂ ಇಲ್ವೇ ಇಲ್ಲ."

"ಮತ್ತೆ ಆಡೋದ್ ಹೆಂಗಮ್ಮ?"

"ಮಂಡಿಗಿಂತ ಕೆಳಗೆ ಬಂದ ಬಾಲು ನಿಮ್ದಲ್ಲ ಅನ್ಕೊಳ್ಳಿ. ಯಾರ್ದಾದ್ರೂ ಆಗ್ಲಿ, ನಿಮ್ದಲ್ಲ. ಅದನ್ನ ಬಿಟ್ಟುಬಿಡೋಕೆ ಬಂದ್ರೆ ಮಿಕ್ಕಿದ್ದು ನಾನ್ ಹೇಳ್ಕೊಡ್ತೀನಿ."

ಅವಳು ಹೇಳಿಕೊಟ್ಟದ್ದು ಅಡ್ಡ ನಡಿಗೆ. ಅಡುಗೆಮನೆಯ ಕಟ್ಟೆ ಹಿಡಿದು ಒಲೆಯಿಂದ ಸಿಂಕಿನವರೆಗೆ ಪುಟ್ಟ ಪುಟ್ಟ ಆರು ಹೆಜ್ಜೆ, ಸಿಂಕಿನಿಂದ ಒಲೆಗೆ ಆರು. ಜಯಮಣಿ ಕಾವಲಿಯ ಮೇಲೆ ರೊಟ್ಟಿ ಹಾಕಿ ಹೊರಟರೆ, ಹೋಗಿ ಬರುವಷ್ಟರಲ್ಲಿ ಅದು ಮಗುಚಲು ಹದವಾಗಿರುತ್ತಿತ್ತು. ಹಾಲು ಉಕ್ಕುವವರೆಗೆ ಎಡಗಾಲ ಮೇಲೆ ನಿಲ್ಲುತ್ತಿದ್ದಳು. ಕುಕ್ಕರ್ ಮೂರು ಸೀಟಿ ಹೊಡೆಯುವವರೆಗೆ ಕುರ್ಚಿಯಿಂದ ಏಳುವುದು, ಕೂರುವುದು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದೆ. ನನಗೆ ತಾಳ್ಮೆಯಿರಲಿಲ್ಲ. ಸೇಡಿಗೆ ಹೊರಟವರು ರೊಟ್ಟಿ ಬೇಯಿಸುತ್ತಾ ಕೂರುತ್ತಾರೆಯೇ ಎನ್ನಿಸುತ್ತಿತ್ತು.

ಶಿವನಂಜಪ್ಪ ಅಡುಗೆಮನೆಗೆ ಇಣುಕಿ, "ಅಲ್ಲಾ, ನಾನು ಕಟ್ಕೊಂಡಿದ್ದು ಹೆಂಡ್ತೀನಾ, ಏಡೀನಾ?" ಎನ್ನುತ್ತಿದ್ದ.

"ಏಡಿ ಕಚ್ಚಿದ್ರೆ ಬುಡಲ್ಲ, ನೆಪ್ಪಿರ್ಲಿ," ಎನ್ನುತ್ತಿದ್ದಳು ಅವಳು. ಆ ಮಾತು ಕೇಳಿ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಸಂಜೆ ಅಂಗಳದಲ್ಲಿ ಅವನೇ ಚೆಂಡು ಎಸೆಯುತ್ತಿದ್ದ. ಕೆಳಗೆ ಬಿದ್ದ ಚೆಂಡನ್ನು ಎತ್ತಿಕೊಡುವುದೂ ಅವನ ಕೆಲಸ. ಒಂದು ಸಂಜೆ ಚೆಂಡು ಎಡಕ್ಕೆ, ತೀರ ಕೆಳಗೆ ಬಂತು. ಹಳೆಯ ಚಾಳಿ, ನಾನು ಮುನ್ನುಗ್ಗಿದೆ. ಅವಳ ಮೈಯೂ ನನ್ನ ಹಿಂದೆ ಅರ್ಧ ಬಾಗಿತು. ಮರುಕ್ಷಣ ಅವಳು ಹಾ ಎಂದು ಕೂಗಿ ಕಂಬ ಹಿಡಿದು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ. ಶಿವನಂಜಪ್ಪ ನೀರು ತಂದ. "ಸಾಕು ಕಣಮ್ಮಿ. ಆ ಕೋಮಲಾಗೆ ಬ್ಯಾಟು ಕೊಟ್ಟು ಬಾ. ನಂಗೆ ನೀನ್ ನಡಿಯೋದ್ ಕಂಡ್ರೆ ಸಾಕು."

ಅವಳು ಬೆಂಚಿನ ಮೇಲೆ ಕುಳಿತು ಸೊಂಟವನ್ನು ಮೆಲ್ಲಗೆ ಒತ್ತಿಕೊಂಡಳು. ಏನೂ ಆಗಿಲ್ಲ, ಬರೀ ಹೆದರಿಕೆ ಎಂದು ಮರುದಿನ ನಜ್ಮಾ ನೋಡಿ ಹೇಳಿದಳು. ಆದರೆ ಆ ಸಂಜೆ ನನಗೆ ಗೊತ್ತಾಯಿತು, ನನ್ನ ಸೇಡಿಗೆ ಅವಳ ಕೀಲು ಬಲಿಯಾಗಬಹುದೆಂದು. ಸೇಡು ಬಿಡಲಿಲ್ಲ ನಾನು. ಅವಳು ಎಳೆದಲ್ಲಿಗೆ ಮಾತ್ರ ಹೋಗುವುದೆಂದು ಗಟ್ಟಿ ಮಾಡಿಕೊಂಡೆ.

ಆ ಭಾನುವಾರ ಬಂತು. ಬೇವಿನ ಮರದಡಿ ಕುರ್ಚಿ ಹಾಕಿಕೊಂಡು ಇಡೀ ಕ್ಲಬ್ಬೇ ಕೂತಿತ್ತು. ಜಯಮಣಿಯ ಜೊತೆಗಾತಿ ಲೀಲಾ, ಅಂಗನವಾಡಿ ಟೀಚರು, ಚುರುಕು ಕಾಲಿನವಳು. ಆಚೆ ಕೋಮಲಾ ಮತ್ತು ಅವಳ ನಾದಿನಿ.

ಕೋಮಲಾ ಮೊದಲ ಚೆಂಡನ್ನೇ ಬಲೆ ದಾಟಿಸಿ ಜಯಮಣಿಯ ಎಡಕ್ಕೆ, ಕೆಳಗೆ ಇಳಿಸಿದಳು. ಜಯಮಣಿ ಅಲುಗಲಿಲ್ಲ. ಚೆಂಡು ನೆಲ ಮುಟ್ಟಿತು. ಎರಡನೆಯದೂ ಅಲ್ಲಿಗೇ. ಮೂರನೆಯದೂ ಅಲ್ಲಿಗೇ. ಪ್ರತಿ ಸಲವೂ ನನ್ನ ನಾರು ನಾರೂ ಆ ಕಡೆ ಎಳೆಯುತ್ತಿತ್ತು, ಪ್ರತಿ ಸಲವೂ ಅವಳ ಮುಷ್ಟಿ ನನ್ನನ್ನು ತಡೆಯುತ್ತಿತ್ತು.

"ಅಯ್ಯೋ ಪಾಪ, ಬಾಗಾಕೆ ಆಗಲ್ಲ," ಎಂದಳು ಕೋಮಲಾ, ಎಲ್ಲರಿಗೂ ಕೇಳುವಂತೆ.

ಹತ್ತಕ್ಕೆ ಮೂರು. ಕುರ್ಚಿಯಲ್ಲಿದ್ದವರು ನೆಲ ನೋಡತೊಡಗಿದರು. ಶಿವನಂಜಪ್ಪ ಮರದ ಹಿಂದಕ್ಕೆ ಹೋಗಿ ನಿಂತ.

ಆಗ ಜಯಮಣಿ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡಳು. ಅವಳು ಅಷ್ಟು ಹೊತ್ತು ನೋಡುತ್ತಿದ್ದದ್ದು ಚೆಂಡನ್ನಲ್ಲ, ಕೋಮಲಾಳ ಮೊಣಕೈಯನ್ನು. ಎಡಕ್ಕೆ ಇಳಿಸುವ ಮೊದಲು ಅದು ಪಕ್ಕೆಗೆ ಅಂಟುತ್ತಿತ್ತು. ಮುಂದಿನ ಸಲ ಮೊಣಕೈ ಅಂಟಿತು. ಜಯಮಣಿ ಓಡಲಿಲ್ಲ. ಒಲೆಯಿಂದ ಸಿಂಕಿಗೆ ಹೋಗುವಂತೆ ಅಡ್ಡಡ್ಡ ಮೂರು ಪುಟ್ಟ ಹೆಜ್ಜೆ, ಮುಂದಕ್ಕೆ ಒಂದು. ಚೆಂಡು ಬಲೆ ದಾಟಿದಾಗ ನಾನು ಆಗಲೇ ಅಲ್ಲಿದ್ದೆ, ಎದೆಯೆತ್ತರದಲ್ಲಿ. ಅದು ಇಳಿಯುವ ಮೊದಲೇ ಟಣ್ ಎಂದು ತಟ್ಟಿದೆ. ಕೋಮಲಾ ಬಲೆಯ ಹತ್ತಿರ, ಚೆಂಡು ಅವಳ ಹಿಂದೆ ದೂರದ ಮೂಲೆಯಲ್ಲಿ.

ಮತ್ತೆ ಹಾಕಿದಳು. ಮತ್ತೆ ಹೆಜ್ಜೆ, ಮತ್ತೆ ಟಣ್. ಈಗ ಓಡುವ ಸರದಿ ಅವಳದು. ಮುಂದೆ ಓಡಿದಳು, ಹಿಂದೆ ಓಡಿದಳು, ನಾದಿನಿಗೆ ಡಿಕ್ಕಿ ಹೊಡೆದಳು. "ಕಣ್ಣಿಲ್ವೇನೇ?" ಎಂದು ಅವಳನ್ನೇ ಬೈದಳು. ನಾನು ಒಂದೊಂದು ಏಟನ್ನೂ ಹೆಸರಿಟ್ಟು ಹೊಡೆದೆ. ಇದು ಹಾರಕ್ಕೆ. ಇದು ಬೀಗಕ್ಕೆ. ಇದು ರಸ್ಕು ಅದ್ದುತ್ತಾ ಆಡಿದ ಮಾತಿಗೆ. ಇದು, ಕೋಮಲಾ, ನಿನ್ನ 'ಪಾಪ'ಕ್ಕೆ!

ಹದಿನಾಲ್ಕು, ಹದಿನಾಲ್ಕು.

ಕೊನೆಯ ಚೆಂಡನ್ನು ಕೋಮಲಾ ಮೊಣಕೈ ಅಂಟಿಸದೆಯೇ ಎಡಕ್ಕೆ ಜಾರಿಸಿದಳು. ಕಲಿತುಬಿಟ್ಟಿದ್ದಳು. ಚೆಂಡು ಮಂಡಿಯ ಕೆಳಗೆ ಇಳಿಯುತ್ತಿತ್ತು. ಮೂವತ್ತು ವರ್ಷ ಅದು ಜಯಮಣಿಯ ಮೂಲೆ. ಆ ಮೂಲೆಗೆ ಬೇರೆಯವರು ಕಾಲಿಟ್ಟರೆ ಅವಳು ಗುರುಗುಟ್ಟುತ್ತಿದ್ದಳು.

"ಲೀಲಾ, ನಿಂದು!" ಎಂದು ಕೂಗಿದಳು ಜಯಮಣಿ, ಮತ್ತು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಲೀಲಾ ಮಂಡಿಯೂರಿ ಚೆಂಡನ್ನು ಮೇಲಕ್ಕೆತ್ತಿದಳು. ಅದು ಬಲೆಯಾಚೆ ಕೋಮಲಾಳ ತಲೆಯ ಮೇಲೆ ತೇಲಿತು. ಕೋಮಲಾ ಇಡೀ ಮೈಯ ಬಲ ಹಾಕಿ ಜಯಮಣಿಯ ಕಡೆಗೇ ಬಡಿದಳು. ಬಾಗಬೇಕಿರಲಿಲ್ಲ, ಓಡಬೇಕಿರಲಿಲ್ಲ. ನಿಂತಲ್ಲೇ ನಿಂತು ನನ್ನನ್ನು ಎದೆಗೆ ಅಡ್ಡ ಹಿಡಿದಳು. ಚೆಂಡು ನನ್ನ ಗಟ್‌ನ ಅಂಚಿಗೆ ಬಡಿಯಿತು. ಒಣಗಿದ ನನ್ನ ಚೌಕಟ್ಟು ಚಟ್ ಎಂದು ಸೀಳಿತು. ಚೆಂಡು ಮೇಲೆದ್ದು, ಬಲೆಯ ದಾರವನ್ನು ಸವರಿ, ಆಚೆ ಕೋಮಲಾಳ ಪಾದದ ಬಳಿ ಬಿದ್ದಿತು.

ಸೀಳಿದ್ದು ನೋಯಿತು. ಆದರೂ ಅದರಷ್ಟು ಸಿಹಿಯಾದ ನೋವನ್ನು ನಾನು ಕಂಡಿಲ್ಲ.

ಎಲ್ಲರೂ ಓಡಿ ಬಂದರು. ಜಯಮಣಿ ನಿಧಾನವಾಗಿ ಕುರ್ಚಿಯ ಹತ್ತಿರ ಹೋಗಿ ತನ್ನ ಬ್ಯಾಗಿನಿಂದ ಶಾಲು ತೆಗೆದಳು. ಅದೇ ಶಾಲು, ಮಡಿಕೆಯೂ ಮಾಸಿರಲಿಲ್ಲ. ಬೆವರಿ ಏದುಸಿರು ಬಿಡುತ್ತಿದ್ದ ಕೋಮಲಾಳ ಹೆಗಲಿಗೆ ಅದನ್ನು ಹೊದಿಸಿದಳು, ಶಾಲೆಗೆ ಹೊರಟ ಮಗುವಿಗೆ ಸ್ವೆಟರ್ ತೊಡಿಸುವಷ್ಟು ಮೃದುವಾಗಿ.

"ಬೆವ್ತೋಗಿದೀರ ಕೋಮಲಕ್ಕ. ಶೀತ ಆದಾತು, ಹೊದ್ಕಳಿ. ಸಾಕಷ್ಟು ಆಡಿದೀರ, ವಿಶ್ರಾಂತಿ ತಗಳಿ."

ಯಾರೋ ಚಪ್ಪಾಳೆ ತಟ್ಟಿದರು. ತಟ್ಟಿದ ಮೇಲೆ ಎಲ್ಲರೂ ತಟ್ಟಲೇಬೇಕಲ್ಲ, ತಟ್ಟಿದರು. ಲೀಲಾ ಫೋಟೋ ತೆಗೆದಳು. ಜಯಮಣಿ ಕೈಚಾಚಿದಳು. "ಕಪಾಟು ಖಾಲಿ ಇದ್ರೆ ಚೆಂದಾಗಿರಲ್ಲ. ಮುಂದಿನ ಪೀಳಿಗೆಗೆ ಸ್ಫೂರ್ತಿ ಬ್ಯಾಡ್ವಾ?"

ಹೆಗಲ ಮೇಲೆ ಶಾಲಿತ್ತು. ಸುತ್ತ ಜನ ಚಪ್ಪಾಳೆ ತಟ್ಟುತ್ತಿದ್ದರು. ಕೋಮಲಾ ನಗುತ್ತಾ, ತನ್ನ ಕೈಯಾರೆ, ತನ್ನ ಬ್ಯಾಟನ್ನೂ ಬೀಗದ ಕೈಯನ್ನೂ ಕೊಟ್ಟಳು. ಶ್ರೀಗಂಧದ ಹಾರ ಅಲ್ಲೇ ಕಪಾಟಿನ ಮೂಲೆಯಲ್ಲಿ ಬಿದ್ದಿತ್ತು. ಹುಡುಕುವ ಶ್ರಮವೂ ಇರಲಿಲ್ಲ.

ಹನ್ನೊಂದನೆಯ ದಿನ ಜಯಮಣಿ ತಾನೇ ಹೋಗಿ ಬೀಗ ತೆರೆದು ಕೋಮಲಾಳ ಬ್ಯಾಟನ್ನು ಅವಳ ಮನೆಗೇ ಕೊಟ್ಟುಬಂದಳು. "ಮುಂದೆ ಹೊಡಿಯೋರು ಬೇಕಲ್ಲ," ಎಂದಳಂತೆ. ಹನ್ನೊಂದು ದಿನಕ್ಕೆ! ನಾನಾಗಿದ್ದರೆ ಹನ್ನೊಂದು ತಿಂಗಳು, ಒಂದು ದಿನ ಕಡಿಮೆಯಿಲ್ಲ. ಆದರೆ ಅವಳು ಮಕ್ಕಳನ್ನು ಸಾಕಿದವಳು. ಬೈದು ಮುಗಿಸಿ ಊಟಕ್ಕೆ ಕರೆಯುವ ಅಭ್ಯಾಸ ಅವಳದು. ತಾಲ್ಲೂಕು ಕೂಟದಲ್ಲಿ ಹೊಸ ಬ್ಯಾಟು ಹಿಡಿದು ಆಡಿದಳು. ಎಡ ಮೂಲೆಯಲ್ಲಿ ಲೀಲಾ, ನಡುವೆ ಜಯಮಣಿ. ಫೋಟೋದಲ್ಲೂ ನಡುವೆಯೇ.

ನನಗೆ ಈಗ ವಯಸ್ಸಾಗಿದೆ. ಗಟ್ ಹರಿದಿದೆ, ಸೀಳಿದ ಚೌಕಟ್ಟಿಗೆ ದಾರ ಸುತ್ತಿದ್ದಾರೆ. ಆಡಲಾರೆ. ಆದರೆ ಜಯಮಣಿ ನನ್ನನ್ನು ಯಾವ ಕಪಾಟಿಗೂ ಸೇರಿಸಲಿಲ್ಲ, ಗೋಡೆಗೂ ತೂಗುಹಾಕಲಿಲ್ಲ. ಬೀದಿ ಬಾಗಿಲ ಹಿಂದೆ ಒರಗಿಸಿಟ್ಟಿದ್ದಾಳೆ. ದಿನಾ ಬೆಳಿಗ್ಗೆ ಬೆಂಚಿನ ಮೇಲೆ ಕುಳಿತು, ಅದರಡಿ ಸರಿದುಹೋದ ತನ್ನ ಬೂಟನ್ನು ನನ್ನ ಬಾಗಿದ ತಲೆಯಿಂದ ಎಳೆದುಕೊಳ್ಳುತ್ತಾಳೆ. ಅವಳು ಬಾಗಬಾರದಲ್ಲ, ಅದಕ್ಕೆ. ಎಂದೋ ಅವಳಿಗಾಗಿ ಬಾಗಿದವನು ನಾನು. ಈಗಲೂ ಅದೇ ಕೆಲಸ.

ಕೋಮಲಾ ಈಗ ದಿನಾ ಅವಳನ್ನು ಅಂಕಣಕ್ಕೆ ಕರೆಯಲು ಬರುತ್ತಾಳೆ. "ಜಯಾ, ಬೇಗ ಬಾರೇ" ಎಂದು ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಇಬ್ಬರಿಗೂ ಹಳೆಯದು ಮರೆತಿದೆ. ನನಗೆ ಮರೆತಿಲ್ಲ. ಅವಳು ಬಾಗಿಲು ತಳ್ಳಿದ ತಕ್ಷಣ ನಾನು ಗೋಡೆಯಿಂದ ಜಾರಿ ಸರಿಯಾಗಿ ಅವಳ ಹೆಬ್ಬೆರಳ ಮೇಲೆ ಬೀಳುತ್ತೇನೆ.

"ಹಾಳಾದ್ ಬ್ಯಾಟು, ದಿನಾ ಬೀಳ್ತದೆ!" ಎಂದು ಅವಳು ಕಿರುಚುತ್ತಾಳೆ.

"ಗಾಳಿ ಕಣೇ," ಎನ್ನುತ್ತಾಳೆ ಜಯಮಣಿ, ಬೂಟಿನ ಪಟ್ಟಿ ಒತ್ತಿಕೊಳ್ಳುತ್ತಾ.

ಗಾಳಿಯಲ್ಲ. ಜಯಮಣಿ ಬಾಗಬಾರದು. ಹಾಗಾಗಿ ನನ್ನನ್ನು ಎತ್ತಿಡಬೇಕಾದವಳು ಕೋಮಲಾ. ದಿನಾ ಬೆಳಿಗ್ಗೆ ಅವಳು ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಉಸ್ಸೆಂದು ಉಸಿರುಬಿಟ್ಟು, ನೆಲದವರೆಗೂ ಬಾಗುತ್ತಾಳೆ.